ಕುಡಿತ ಬಿಟ್ಟ ಮೂರನೆಯ ದಿನ

ಕೊರೊನಾದ ಗಲಾಟೆ ಮುಗಿದು ಎರಡು ವರ್ಷವಾಗಿತ್ತು. ನನ್ನ ನಿವೃತ್ತಿಗೂ ಇನ್ನು ಎರಡೇ ವರ್ಷ ಇತ್ತು. ಆಗ ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಹಿರಿಯ ಶುಶ್ರೂಷಾಧಿಕಾರಿಯಾಗಿದ್ದೆ. ಇದು ಕಾಗದದ ಮೇಲಿನ ಹೆಸರು. ಜನರ ಬಾಯಲ್ಲಿ ಆ ವಿಭಾಗ ಕ್ಯಾಜುವಾಲ್ಟಿ, ನಾನು ಮುಮ್ತಾಜ್ ಸಿಸ್ಟರ್. ಆಸ್ಪತ್ರೆಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ, ಏಕೆಂದರೆ ನಾನು ಹೇಳಹೊರಟಿರುವುದು ನನ್ನ ತಪ್ಪಿನ ವಿಷಯ. ಹೆದ್ದಾರಿಗೆ ಹತ್ತಿರವಿದ್ದುದರಿಂದ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಕಡೆಯ ರೋಗಿಗಳು ನಮ್ಮಲ್ಲಿಗೆ ಬರುತ್ತಿದ್ದರು ಎಂದಷ್ಟು ತಿಳಿದರೆ ಸಾಕು.

ನಮ್ಮಲ್ಲಿ ಆರು ಹಾಸಿಗೆ, ಎರಡು ಮಾನಿಟರ್. ಪಾಳಿಗೆ ಒಬ್ಬರು ವೈದ್ಯರು, ಇಬ್ಬರು ನರ್ಸ್, ಒಬ್ಬ ಅಟೆಂಡರ್. ಹಾವು ಕಚ್ಚಿದವರು, ಎದೆನೋವಿನವರು, ಉಬ್ಬಸದ ಮಕ್ಕಳು, ಎಲ್ಲರನ್ನೂ ಇಷ್ಟರಲ್ಲೇ ನೋಡಬೇಕು. ಆದರೆ ದಿನದ ಬಹುಪಾಲು ಹೊತ್ತು ನಮ್ಮ ಕೈ ಕಟ್ಟಿಹಾಕುತ್ತಿದ್ದದ್ದು ಕುಡಿತ. ಅದು ಒಂದೇ ರೂಪದಲ್ಲಿ ಬಾಗಿಲಿಗೆ ಬರುವುದಿಲ್ಲ. ಕುಡಿದು ಬೈಕಿನಿಂದ ಬಿದ್ದವನು ಬರುತ್ತಾನೆ. ಅವನು ಗುದ್ದಿದ ಮುದುಕನೂ ಬರುತ್ತಾನೆ. ಗಂಡನ ಹೊಡೆತಕ್ಕೆ ಮಣಿಕಟ್ಟು ಮುರಿದ ಹೆಂಗಸು ಬಚ್ಚಲಲ್ಲಿ ಜಾರಿ ಬಿದ್ದೆ ಎನ್ನುತ್ತಾ ಬರುತ್ತಾಳೆ. ರಕ್ತ ಕಾರುವವರು, ಹೊಟ್ಟೆ ಉಬ್ಬಿ ಮೈ ಹಳದಿಯಾದವರು, ಕುಡಿದ ಜಗಳದಲ್ಲಿ ಬೆಳೆಗೆ ಹೊಡೆಯುವ ಔಷಧಿಯನ್ನೇ ಬಾಯಿಗೆ ಸುರಿದುಕೊಂಡವರು ಬರುತ್ತಾರೆ. ಇವುಗಳಲ್ಲಿ ಅರ್ಧದಷ್ಟು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ. ಗಾಯ ಕಟ್ಟುವುದಕ್ಕೆ ಹತ್ತು ನಿಮಿಷವಾದರೆ ಅದರ ಬರವಣಿಗೆಗೆ ಅರ್ಧ ಗಂಟೆ.

ನಾನು ಗುತ್ತಲದವಳು. ಅಪ್ಪ ಪೇಟೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದರು. ನಮ್ಮ ಮನೆತನದಲ್ಲಿ ಕುಡಿತವನ್ನು ಕಂಡವರಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕುಡುಕರನ್ನು ಕಂಡರೆ ಹೆದರುತ್ತಿದ್ದೆ, ಆಮೇಲೆ ಕನಿಕರಪಟ್ಟೆ, ಕೊನೆಕೊನೆಗೆ ಉಳಿದದ್ದು ಸಿಟ್ಟು ಮಾತ್ರ. ಬೈಯುವುದು, ಗ್ಲೂಕೋಸ್ ಬಾಟಲಿ ಏರಿಸುವುದು, ಅಮಲು ಇಳಿದ ಮೇಲೆ ಮನೆಗೆ ಕಳಿಸುವುದು. ವರ್ಷಗಟ್ಟಲೆ ಇದನ್ನೇ ಮಾಡಿದ ಮೇಲೆ ಕುಡಿದು ಬಂದವನ ಮುಖವನ್ನು ಸರಿಯಾಗಿ ನೋಡುವ ಅಭ್ಯಾಸವೇ ತಪ್ಪಿಹೋಗಿತ್ತು.

ನಿಂಗಪ್ಪ ನಮ್ಮಲ್ಲಿಗೆ ಆಗಾಗ ಬರುತ್ತಿದ್ದವರಲ್ಲಿ ಒಬ್ಬ. ನಮ್ಮ ಆಸ್ಪತ್ರೆಗೆ ಸಮೀಪದ ಹಳ್ಳಿಯವನು. ದಿನಾ ಬಸ್ಸಿನಲ್ಲಿ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಚೀಟಿಯಲ್ಲಿ ವಯಸ್ಸು ಮೂವತ್ತೆಂಟು ಎಂದಿತ್ತು, ನೋಡಿದರೆ ಐವತ್ತು ದಾಟಿದಂತಿದ್ದ. ಅಗಲವಾದ ಹೆಗಲು, ಸೊರಗಿದ ಕಾಲು, ಘಾಟಿಗೆ ಸದಾ ಕೆಂಪಗಿರುತ್ತಿದ್ದ ಕಣ್ಣು. ಹೆಂಡತಿ ರೇಣವ್ವ ಅದೇ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಅವರಿಗೆ ಒಬ್ಬಳೇ ಮಗಳು ಸವಿತಾ, ಎಂಟನೆಯ ತರಗತಿಯಲ್ಲಿದ್ದಳು. ಮೈಕೈ ನೋವಿಗೆಂದು ಶುರುವಾದ ಅವನ ಕುಡಿತ ಹದಿನೈದು ವರ್ಷಗಳಲ್ಲಿ ಬೆಳಿಗ್ಗೆ ಮುಖ ತೊಳೆಯುವ ಮುಂಚೆಯೇ ಒಂದು ಕ್ವಾರ್ಟರ್ ಬೇಕು ಎನ್ನುವಲ್ಲಿಗೆ ಬಂದಿತ್ತು. ಒಮ್ಮೆ ಲಾರಿಯ ಹಲಗೆಯಿಂದ ಜಾರಿ ಬಂದಿದ್ದ. ಮೂರು ನಾಲ್ಕು ಸಲ ನಿಲ್ಲದ ವಾಂತಿಯೆಂದು ಬಂದಿದ್ದ. ಪ್ರತಿ ಸಲವೂ ಹೋಗುವಾಗ ಕೈ ಮುಗಿದು ಹೋಗುತ್ತಿದ್ದ.

ಒಂದು ಶುಕ್ರವಾರ ಹೊತ್ತೇರುವ ವೇಳೆಗೆ ಹಣೆ ಒಡೆದುಕೊಂಡು ಬಂದ. ಜೊತೆಗೆ ರೇಣವ್ವ ಇದ್ದಳು, ಶಾಲೆಯ ಸಮವಸ್ತ್ರದಲ್ಲೇ ಮಗಳೂ ಇದ್ದಳು. ಬಸ್ ನಿಲ್ದಾಣದಲ್ಲಿ ಬಿದ್ದಿದ್ದನಂತೆ. ಆರು ಹೊಲಿಗೆ ಹಾಕಬೇಕಿತ್ತು. ಅದೇ ಹೊತ್ತಿಗೆ ರಾಣೆಬೆನ್ನೂರು ಕಡೆಯಿಂದ ಶ್ವಾಸಕೋಶದಲ್ಲಿ ನೀರು ತುಂಬಿದ ಒಬ್ಬ ಮುದುಕಿಯನ್ನು ಕರೆತಂದಿದ್ದರು. ವೈದ್ಯರು ಆಕೆಯ ಬಳಿ ಇದ್ದರು, ನಾನು ಹೊಲಿಗೆ ಮುಗಿಸಿ ಅಲ್ಲಿಗೆ ಓಡಬೇಕಿತ್ತು. ಅಷ್ಟರಲ್ಲಿ ನಿಂಗಪ್ಪ ಟ್ರೇ ಮೇಲೆ ವಾಂತಿ ಮಾಡಿದ. ತೊಳೆದಿಟ್ಟ ಸಾಮಾನೆಲ್ಲ ಹಾಳಾಯಿತು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಆ ಮುದುಕಿ ಉಸಿರಿಗೆ ಒದ್ದಾಡುತ್ತಿದ್ದಾಳೆ, ಆಕೆಗೆ ಸಿಗಬೇಕಾದ ಕೈ ನಿನ್ನ ಹಣೆ ಹೊಲಿಯುತ್ತಿದೆ, ಬೆಳೆದ ಮಗಳ ಮುಂದೆ ನಿನಗೆ ನಾಚಿಕೆಯಾಗುವುದಿಲ್ಲವೇ ಎಂದು ಇಡೀ ವಿಭಾಗಕ್ಕೆ ಕೇಳುವಂತೆ ಬೈದೆ. ಹುಡುಗಿ ತಲೆ ತಗ್ಗಿಸಿ ಗೋಡೆಯ ಕಡೆ ತಿರುಗಿದಳು.

ನಿಂಗಪ್ಪ ಅದನ್ನು ನೋಡಿದ. ಹೊಲಿಗೆ ಮುಗಿದ ಮೇಲೆ ಎದ್ದು ಕುಳಿತು, "ಬಿಡಬೇಕಂತ ಮಾಡೇನ್ರಿ ಅಕ್ಕಾರ. ಸಾವಕಾಶ ಕಡಿಮಿ ಮಾಡಿಕೋಂತ ಬಿಡ್ಲ್ಯಾ?" ಎಂದು ಕೇಳಿದ.

"ಸಾವಕಾಶ ಅನ್ನೂದೆಲ್ಲಾ ಬರೇ ನೆವ. ಬಿಡೂದಾದ್ರ ಇವತ್ತ ಬಿಡು. ಒಂದು ಹನಿ ಮುಟ್ಟಬ್ಯಾಡ. ಕುಡಿಯೂದಾದ್ರ ಈ ಬಾಗಿಲಿಗೆ ಬರಬ್ಯಾಡ," ಎಂದೆ.

"ಆತ್ರಿ," ಎಂದ. ಎಂದಿನಂತೆ ಕೈ ಮುಗಿದು ಹೋದ.

ಅವನು ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೆ ಸರಿಯಾದ ಉತ್ತರ ನನಗೆ ಗೊತ್ತಿಲ್ಲದ್ದೇನಲ್ಲ. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಬಾರದು, ವೈದ್ಯರ ಕಣ್ಣೆದುರು ಔಷಧಿಯ ಆಸರೆಯಲ್ಲಿ ಬಿಡಬೇಕು ಎಂದು ತರಬೇತಿಯಲ್ಲಿ ಕಲಿತಿದ್ದೆ. ಎರಡು ಬಾಗಿಲು ಆಚೆಗೆ ಪ್ರತಿ ಮಂಗಳವಾರ ಮನೋವೈದ್ಯರು ಕುಳಿತುಕೊಳ್ಳುತ್ತಿದ್ದರು. ಒಂದು ಚೀಟಿ ಬರೆದು ಕೊಡಲು ಎರಡು ನಿಮಿಷ ಸಾಕಿತ್ತು. ಆದರೆ ಎಂದೂ ಬಿಡದವನು ಇಂದು ಬಿಡುತ್ತಾನೆಂದು ನಾನು ನಂಬಿರಲಿಲ್ಲ. ಮುದುಕಿಯ ಕಡೆ ಓಡಿದೆ. ಆಕೆ ಬದುಕಿದಳು. ನಿಂಗಪ್ಪನ ಮಾತು ಅಲ್ಲಿಗೇ ಮರೆತುಹೋಯಿತು.

ಮುಂದಿನ ಎರಡು ದಿನ ಅವರ ಮನೆಯಲ್ಲಿ ನಡೆದದ್ದನ್ನು ರೇಣವ್ವ ನನಗೆ ಹೇಳಿದ್ದು ಬಹಳ ತಡವಾಗಿ. ಶುಕ್ರವಾರ ಬೆಳಿಗ್ಗೆ ಕುಡಿದದ್ದೇ ಕೊನೆ. ಶನಿವಾರ ಮಗಳನ್ನು ಕರೆದುಕೊಂಡು ಕದರಮಂಡಲಗಿಗೆ ಹೋದ. ಆಂಜನೇಯನ ಮುಂದೆ ನಿಂತು ಇನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿದ. ಅಲ್ಲೇ ಕೈ ನಡುಗುತ್ತಿತ್ತಂತೆ. ತೀರ್ಥ ತೆಗೆದುಕೊಳ್ಳುವಾಗ ಅರ್ಧ ನೆಲಕ್ಕೆ ಚೆಲ್ಲಿತು. ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ, ಕಣ್ಣು ಮುಚ್ಚಲಿಲ್ಲ, ಮೈಯೆಲ್ಲ ಬೆವರು. ಭಾನುವಾರ ಮಧ್ಯಾಹ್ನ ಒಮ್ಮೆ ಫಿಟ್ಸ್ ಬಂದು ಬಿದ್ದ. ಎದ್ದ ಮೇಲೆ ಚಾದರದ ಮೇಲೆ ಇರುವೆ ಹರಿದಾಡುತ್ತಿವೆ ಎಂದು ಆರಿಸಿ ಆರಿಸಿ ಒಗೆಯತೊಡಗಿದ. ಅಲ್ಲಿ ಇರುವೆ ಇರಲಿಲ್ಲ. ಅಕ್ಕಪಕ್ಕದವರು ಒಂದು ಗುಟುಕು ಕೊಡು, ಸರಿಹೋಗುತ್ತಾನೆ ಎಂದರು. ರೇಣವ್ವ ಗಟ್ಟಿ ಮನಸ್ಸು ಮಾಡಿ ಲೋಟದಲ್ಲಿ ಹಾಕಿ ಕೊಟ್ಟಳು. ಅಷ್ಟು ನಡುಗುವ ಕೈಯಲ್ಲೂ ಅವನು ಲೋಟವನ್ನು ದೂರ ಸರಿಸಿದನಂತೆ. ಸೋಮವಾರ ಬೆಳಿಗ್ಗೆ ಅವನಿಗೆ ಹೆಂಡತಿಯ ಗುರುತು ಹತ್ತದಾದಾಗ ಮಾರುಕಟ್ಟೆಯ ಇಬ್ಬರು ಗೆಳೆಯರು ಬಂದು, ಅವನನ್ನು ಅಮುಕಿ ಹಿಡಿದು ಬಾಯಿಗೆ ಬಾಟಲಿಯಿಂದ ಸೆರೆ ಹಾಕಲು ನೋಡಿದರು. ಅವನು ಉಗುಳಿದ. ಅದೆಲ್ಲ ಅಂಗಿಯ ಮೇಲೆ ಬಿತ್ತು. ಅದೇ ಅಂಗಿಯಲ್ಲಿ ಅವನನ್ನು ಆಟೋದಲ್ಲಿ ಹಾಕಿಕೊಂಡು ನಮ್ಮಲ್ಲಿಗೆ ತಂದರು.

ಆ ಸೋಮವಾರ ನಮ್ಮ ವಿಭಾಗ ಹೇಗಿತ್ತೆಂದು ಹೇಳಬೇಕು. ಬೆಳಿಗ್ಗೆ ಹತ್ತಕ್ಕೆ ಕಳೆ ಕೀಳುವ ಕೆಲಸಕ್ಕೆ ಹೊರಟಿದ್ದ ಹೆಂಗಸರನ್ನು ತುಂಬಿಕೊಂಡ ಒಂದು ಗೂಡ್ಸ್ ಗಾಡಿ ಹೆದ್ದಾರಿಯಲ್ಲಿ ಪಲ್ಟಿಯಾಗಿತ್ತು. ಏಳು ಜನ ಹೆಂಗಸರು. ಚಾಲಕ ಬೆಳಿಗ್ಗೆಯೇ ಕುಡಿದಿದ್ದ. ಅವನಿಗೆ ಮಾತ್ರ ತರಚಿದ ಗಾಯ. ಪೊಲೀಸರು ರಕ್ತದ ಮಾದರಿಗೆಂದು ಅವನನ್ನೂ ಅಲ್ಲಿಗೇ ತಂದಿದ್ದರು. ಅವನು ಒಂದೇ ಸಮನೆ ಕೂಗಾಡುತ್ತಿದ್ದ. ಆರು ಹಾಸಿಗೆಯಲ್ಲಿ ಒಂದರಲ್ಲಿ ರಕ್ತ ಕಾರುತ್ತಿದ್ದವನು, ಇನ್ನೊಂದರಲ್ಲಿ ಕುಡಿದ ಸಿಟ್ಟಿನಲ್ಲಿ ಕೀಟನಾಶಕ ಸೇವಿಸಿದ ಯುವಕ. ಉಳಿದ ನಾಲ್ಕರಲ್ಲಿ ಏಳು ಹೆಂಗಸರನ್ನು ಹೊಂದಿಸಿದ್ದೆವು. ಪಾಳಿಯ ಇನ್ನೊಬ್ಬ ನರ್ಸ್ ಅಂದು ರಜೆಯಲ್ಲಿದ್ದಳು. ವೈದ್ಯೆ ಡಾಕ್ಟರ್ ಕಾವ್ಯಾ ತುಮಕೂರು ಕಡೆಯ ಹುಡುಗಿ, ಓದು ಮುಗಿಸಿ ಕಡ್ಡಾಯ ಸೇವೆಗೆ ಬಂದು ಐದು ತಿಂಗಳಾಗಿತ್ತು. ಗಂಗವ್ವ ಎಂಬಾಕೆಯ ಹೊಟ್ಟೆಯೊಳಗೆ ರಕ್ತಸ್ರಾವವಾಗುತ್ತಿದೆ ಎಂಬ ಗುಮಾನಿಯಿಂದ ಅವರು ಆಕೆಯ ಬಳಿಯಿಂದ ಕದಲುವಂತಿರಲಿಲ್ಲ.

ಹನ್ನೊಂದೂ ಇಪ್ಪತ್ತಕ್ಕೆ ನಿಂಗಪ್ಪನನ್ನು ಹಿಡಿದೆಳೆದುಕೊಂಡು ಒಳಗೆ ತಂದರು. ಕೈಗಳನ್ನು ಟವೆಲ್ಲಿನಿಂದ ಕಟ್ಟಿದ್ದರು. ಅವನು ಕೂಗುತ್ತಿದ್ದ, ಬೆವರಿನಿಂದ ತೊಯ್ದುಹೋಗಿದ್ದ, ಗಾಳಿಯಲ್ಲಿ ಏನನ್ನೋ ಓಡಿಸುತ್ತಿದ್ದ. ಹಣೆಯ ಮೇಲೆ ನಾನೇ ಹಾಕಿದ ಹೊಲಿಗೆ. ಅಂಗಿಯಿಂದ ಸೆರೆಯ ವಾಸನೆ ಗಪ್ಪನೆ ಹೊಡೆಯಿತು. ನಾನು ನೋಡಿದ್ದು ಅಷ್ಟೇ. ಮತ್ತೆ ಬಂದ ಎಂದುಕೊಂಡೆ.

ರೇಣವ್ವ ನನ್ನ ಹತ್ತಿರ ಬಂದು ಮೆಲ್ಲಗೆ, "ಅವ್ರು ಕುಡದಿಲ್ರಿ ಅಕ್ಕಾರ. ಮುಟ್ಟಲಾರದ ಮೂರು ದಿನಾ ಆತ್ರಿ," ಎಂದಳು.

"ನನಗೇನು ಮೂಗಿಲ್ಲೇನು?" ಎಂದೆ. ತಲೆಯೆತ್ತಿಯೂ ನೋಡಲಿಲ್ಲ.

ಹಾಸಿಗೆ ಇರಲಿಲ್ಲ. ಅಟೆಂಡರ್ ಫಕೀರಪ್ಪನಿಗೆ ಹೇಳಿ ಕಾರಿಡಾರಿನಲ್ಲಿ ಒಂದು ಗಾದಿ ಹಾಸಿಸಿದೆ. ಅವನು ಏಳದಂತೆ ಬ್ಯಾಂಡೇಜ್ ಬಟ್ಟೆಯಿಂದ ಎರಡೂ ಕೈಗಳನ್ನು ಬೆಂಚಿನ ಕಾಲಿಗೆ ಕಟ್ಟಿಸಿ ಅಂಗಾತ ಮಲಗಿಸಿದೆ. ಎಂದಿನ ಗ್ಲೂಕೋಸ್ ಬಾಟಲಿ ಏರಿಸಿದೆ. ರಿಜಿಸ್ಟರಿನಲ್ಲಿ ಬರೆದೆ: ಮದ್ಯಪಾನದ ಅಮಲು, ವಾಸನೆ ಇದೆ. ಜ್ವರ ನೋಡಲಿಲ್ಲ, ರಕ್ತದೊತ್ತಡ ನೋಡಲಿಲ್ಲ. ನಿಮಿಷಕ್ಕೊಬ್ಬರು ನನ್ನನ್ನು ಕರೆಯುತ್ತಿದ್ದರು, ಅದು ನಿಜ. ಆದರೆ ಅದೇ ಜಾಗದಲ್ಲಿ ಬೇರೆ ಯಾರೇ ಇದ್ದಿದ್ದರೂ ನಾನು ನಾಡಿ ಹಿಡಿದು ನೋಡುತ್ತಿದ್ದೆ, ಅದೂ ನಿಜ.

ಮುಂದಿನ ಒಂದೂವರೆ ಗಂಟೆಯಲ್ಲಿ ರೇಣವ್ವ ಇನ್ನೂ ಎರಡು ಸಲ ಬಂದಳು. ಒಮ್ಮೆ ಮೈ ಸುಡುತ್ತಿದೆ ಎಂದಳು. ನಾನು ಗಂಗವ್ವನಿಗೆ ರಕ್ತ ಹೊಂದಿಸಲು ಫೋನಿನಲ್ಲಿದ್ದೆ. ಕೈಸನ್ನೆ ಮಾಡಿ ಕಳಿಸಿದೆ. ಇನ್ನೊಮ್ಮೆ ಬಂದಾಗ ಭಾನುವಾರ ಫಿಟ್ಸ್ ಬಂದಿತ್ತು ಎಂದಳು. ಆ ಮಾತು ನನ್ನ ಕಿವಿಗೆ ಬಿದ್ದದ್ದು ನೆನಪಿದೆ. ಅದು ತಲೆಗೆ ಇಳಿಯಲಿಲ್ಲ. ಆಗ ಚಾಲಕ ಪೊಲೀಸರ ಕೈ ಕೊಸರಿ ಔಷಧಿ ಟ್ರಾಲಿಯನ್ನು ಉರುಳಿಸಿದ್ದ.

ಒಂದು ಗಂಟೆಗೆ ಕಾರಿಡಾರಿನಲ್ಲಿ ಧಡಧಡ ಸದ್ದು ಕೇಳಿತು. ನಿಂಗಪ್ಪನಿಗೆ ಫಿಟ್ಸ್ ಬಂದಿತ್ತು. ಅಂಗಾತ ಕಟ್ಟಿಹಾಕಿದ್ದರಿಂದ ಪಕ್ಕಕ್ಕೆ ಹೊರಳಲು ಆಗಿರಲಿಲ್ಲ. ವಾಂತಿ ಬಾಯಿಯಿಂದ ಮರಳಿ ಶ್ವಾಸನಾಳಕ್ಕೆ ಇಳಿದಿತ್ತು. ತುಟಿ ನೀಲಿಗಟ್ಟಿತ್ತು. ನಾನು ಕಟ್ಟು ಕತ್ತರಿಸಿ ಅವನನ್ನು ಮಗ್ಗುಲಿಗೆ ತಿರುಗಿಸಿದೆ. ಡಾಕ್ಟರ್ ಕಾವ್ಯಾ ಓಡಿಬಂದು ಲೊರಾಜೆಪಾಮ್ ಚುಚ್ಚಿದರು. ಅದು ಫಿಟ್ಸ್ ನಿಲ್ಲಿಸುವ ಮದ್ದು. ಫಕೀರಪ್ಪ ಗಂಟಲಲ್ಲಿ ಕಟ್ಟಿದ್ದನ್ನು ಎಳೆಯುವ ಸಕ್ಷನ್ ಯಂತ್ರ ತಂದ. ಜ್ವರ ನೂರಾಮೂರು ಮುಟ್ಟಿತ್ತು. ನಾಡಿ ನಿಮಿಷಕ್ಕೆ ನೂರಾ ನಲವತ್ತೆಂಟು. ರಕ್ತದೊತ್ತಡ ನೂರಾ ಎಂಬತ್ತರ ಮೇಲೆ. ರಕ್ತದಲ್ಲಿ ಆಮ್ಲಜನಕ ಶೇಕಡಾ ಎಂಬತ್ತಾರು.

ವೈದ್ಯೆ ರೇಣವ್ವನ ಕಡೆ ತಿರುಗಿ, ಕೊನೆಯ ಸಲ ಕುಡಿದದ್ದು ಯಾವಾಗ ಎಂದು ಕೇಳಿದರು. ರೇಣವ್ವ ಶುಕ್ರವಾರ ಮುಂಜಾನೆ ಎಂದಳು. ಅದನ್ನು ಮೊದಲೇ ಹೇಳಿದ್ದೆ ಎನ್ನಲಿಲ್ಲ. ವೈದ್ಯೆ ನನ್ನ ಮುಖ ನೋಡಿದರು.

"ಸಿಸ್ಟರ್, ಇವರು ಕುಡಿದು ಬಂದಿಲ್ಲ. ಬಿಟ್ಟು ಬಂದಿದ್ದಾರೆ."

ಈ ಸ್ಥಿತಿಗೆ ವೈದ್ಯಕೀಯದಲ್ಲಿ ಡೆಲಿರಿಯಮ್ ಟ್ರೆಮೆನ್ಸ್ ಎನ್ನುತ್ತಾರೆ. ಮದ್ಯ ವರ್ಷಗಟ್ಟಲೆ ಮೆದುಳನ್ನು ಅದುಮಿ ಹಿಡಿದಿರುತ್ತದೆ. ಮೆದುಳು ಅದಕ್ಕೆ ಎದುರಾಗಿ ಒಳಗಿನಿಂದ ಒತ್ತುತ್ತಲೇ ಇರುತ್ತದೆ. ಒಂದು ಬಾಗಿಲನ್ನು ಇಬ್ಬರು ಎರಡೂ ಕಡೆಯಿಂದ ಜೋರಾಗಿ ತಳ್ಳುತ್ತಿದ್ದಾರೆ ಎಂದುಕೊಳ್ಳಿ. ಒಬ್ಬ ಇದ್ದಕ್ಕಿದ್ದಂತೆ ಕೈ ಬಿಟ್ಟರೆ ಇನ್ನೊಬ್ಬ ಮುಗ್ಗರಿಸಿ ಬೀಳುತ್ತಾನೆ. ಹಾಗೆಯೇ ಕುಡಿತ ನಿಂತ ಎರಡು ಮೂರು ದಿನಕ್ಕೆ ನಡುಕ, ಜ್ವರ, ಭ್ರಮೆ, ಫಿಟ್ಸ್ ಎಲ್ಲವೂ ಒಟ್ಟಿಗೆ ನುಗ್ಗುತ್ತವೆ. ಹೊತ್ತಿಗೆ ಸರಿಯಾಗಿ ಮದ್ದು ಸಿಕ್ಕರೆ ಬಹಳ ಜನ ಉಳಿಯುತ್ತಾರೆ. ಇಂಥವರಿಗೆ ಥಯಾಮಿನ್ ಎಂಬ ಜೀವಸತ್ವದ ಇಂಜೆಕ್ಷನ್ ಕೊಡದೆ ಬರೀ ಗ್ಲೂಕೋಸ್ ಏರಿಸಬಾರದೆಂಬುದೂ ಪುಸ್ತಕದಲ್ಲಿದೆ. ನಾನು ಎರಡನೆಯ ಬಾಟಲಿ ಏರಿಸಿದ್ದೆ.

ಥಯಾಮಿನ್ ನಮ್ಮ ಟ್ರಾಲಿಯಲ್ಲಿ ಇರಲಿಲ್ಲ. ಫಕೀರಪ್ಪ ಒಳರೋಗಿ ವಿಭಾಗದಿಂದ ತಂದ. ಆದರೆ ಈಗ ಅವನಿಗೆ ಬೇಕಾದದ್ದು ತೀವ್ರ ನಿಗಾ ಘಟಕದ ಹಾಸಿಗೆ ಮತ್ತು ವೆಂಟಿಲೇಟರ್. ನಮ್ಮ ಘಟಕ ತುಂಬಿತ್ತು. ಹುಬ್ಬಳ್ಳಿಗೆ ಕಳಿಸಬೇಕು. ಮೂರು ಆಂಬುಲೆನ್ಸ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿದ್ದ ಹೆಂಗಸರನ್ನು ಕರೆದುಕೊಂಡು ಆಗಲೇ ಹೋಗಿದ್ದವು. ಎರಡು ಗಂಟೆಗೆ ಒಂದು ಬಂತು. ಅದರಲ್ಲಿ ಒಬ್ಬರಿಗೇ ಜಾಗ. ಗಂಗವ್ವನ ರಕ್ತದೊತ್ತಡ ಇಳಿಯುತ್ತಲೇ ಇತ್ತು, ಆಪರೇಷನ್ ಆಗದಿದ್ದರೆ ಗಂಟೆಯೊಳಗೆ ಹೋಗುತ್ತಿದ್ದಳು. ಆ ಹುಡುಗಿ ವೈದ್ಯೆ ಒಂದು ಕ್ಷಣ ಇಬ್ಬರನ್ನೂ ನೋಡಿ, ಗಂಗವ್ವನನ್ನು ಹತ್ತಿಸಿ ಎಂದರು. ಅವರ ತೀರ್ಮಾನ ಸರಿಯಾಗಿತ್ತು. ಗಂಗವ್ವ ಇಂದಿಗೂ ಇದ್ದಾಳೆ. ನಾನು ಹನ್ನೊಂದೂವರೆಗೇ ನಿಂಗಪ್ಪನ ಜ್ವರ ನೋಡಿದ್ದರೆ, ಯಾವ ಆಂಬುಲೆನ್ಸಿನಲ್ಲಿ ಯಾರು ಎಂಬ ಪ್ರಶ್ನೆಯೇ ಆ ವೈದ್ಯೆಯ ಮುಂದೆ ಬರುತ್ತಿರಲಿಲ್ಲ.

ಮುಂದಿನ ಗಾಡಿ ಬಂದದ್ದು ಮೂರೂ ನಲವತ್ತಕ್ಕೆ. ಅಲ್ಲಿಯವರೆಗೆ ನಾನು ನಿಂಗಪ್ಪನ ತಲೆಯ ಬಳಿಯೇ ಕುಳಿತೆ. ಮೂಗಿಗೆ ಆಮ್ಲಜನಕ ಹಿಡಿದು, ಗಂಟಲಿನ ಕಫ ಎಳೆಯುತ್ತಾ, ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಾ. ಮದ್ದಿನ ಪ್ರಭಾವದಲ್ಲೂ ಅವನು ಇಲ್ಲದ ಚೀಲಗಳನ್ನು ಹೆಗಲಿಗೆ ಎತ್ತಿಕೊಳ್ಳುತ್ತಿದ್ದ. ರೇಣವ್ವ ಅವನ ಪಾದ ಹಿಡಿದು ಕುಳಿತಿದ್ದಳು. ಮೂರು ಗಂಟೆ ದಾಟಿದ ಮೇಲೆ ಒಮ್ಮೆ ಕಣ್ಣು ತೆರೆದ. ನನ್ನ ಮುಖದ ಮೇಲೆ ಅವನ ನೋಟ ನಿಂತಿತು.

"ನಾ ಮುಟ್ಟಿಲ್ರಿ ಅಕ್ಕಾರ," ಎಂದ.

ನನಗೆ ಗೊತ್ತು ಎಂದು ಹೇಳಿದೆ. ಅದು ಅವನಿಗೆ ಕೇಳಿಸಿತೋ ಇಲ್ಲವೋ ತಿಳಿಯದು. ಮತ್ತೆ ಚೀಲ ಎತ್ತತೊಡಗಿದ.

ಹುಬ್ಬಳ್ಳಿಗೆ ನಾನೇ ಜೊತೆಗೆ ಹೋದೆ. ಅಲ್ಲಿ ತಕ್ಷಣ ವೆಂಟಿಲೇಟರ್ ಹಾಕಿದರು, ಅವರಿಂದ ಆಗುವುದನ್ನೆಲ್ಲ ಮಾಡಿದರು. ಆದರೆ ಶ್ವಾಸಕೋಶಕ್ಕೆ ಇಳಿದ ವಾಂತಿಯಿಂದ ನ್ಯುಮೋನಿಯಾ ಬಲಿತಿತ್ತು. ಗುರುವಾರ ಮಧ್ಯಾಹ್ನ ನಿಂಗಪ್ಪ ತೀರಿಕೊಂಡ. ಸುದ್ದಿ ನನಗೆ ಫೋನಿನಲ್ಲಿ ಬಂತು. ಅದೇ ಹೊತ್ತಿಗೆ ಕುಡಿದು ಕೈ ಮುರಿದುಕೊಂಡವನೊಬ್ಬ ನನ್ನ ಮುಂದೆ ಕುಳಿತಿದ್ದ. ನಾನು ಅವನ ಕೈಗೆ ಪಟ್ಟಿ ಕಟ್ಟಿ ಮುಗಿಸಿದೆ. ಆಮೇಲೆ ಔಷಧಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಆ ವಾರವೆಲ್ಲ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಹಾಸಿಗೆ ಇರಲಿಲ್ಲ, ಕೈ ಸಾಲಲಿಲ್ಲ, ವಾಸನೆ ಬರುತ್ತಿತ್ತು. ಒಂದೊಂದೂ ನಿಜವೇ. ಮನೆಯಲ್ಲಿ ನಮಾಜಿಗೆ ಕುಳಿತರೆ ಕಾರಿಡಾರಿನ ಗಾದಿಯೇ ಕಣ್ಣ ಮುಂದೆ ಬರುತ್ತಿತ್ತು. ಗಂಡನಿಗೆ ಹೇಳಿದೆ. ಅವರು, ಅವನ ಹೆಂಡತಿ ಏನಾದರೂ ಕೇಳಿಕೊಂಡು ಬಂದರೆ ಇಲ್ಲ ಎನ್ನಬೇಡ ಎಂದರು.

ಹನ್ನೆರಡನೆಯ ದಿನ ರೇಣವ್ವ ಬಂದಳು. ಮಗಳು ಜೊತೆಗಿದ್ದಳು. ಜಗಳ ತೆಗೆಯಲು ಬಂದಿರಬಹುದೆಂದು ಎದ್ದು ನಿಂತೆ. ಬಂದರೆ ಬೈಸಿಕೊಳ್ಳಬೇಕು ಎಂದೂ ಮನಸ್ಸು ಮಾಡಿದ್ದೆ. ಅವಳು ಕೇಳಿದ್ದು ಬೇರೆಯೇ. ನಮ್ಮ ರಿಜಿಸ್ಟರಿನ ಮೊದಲ ಸಾಲು ಹುಬ್ಬಳ್ಳಿಗೆ ಕಳಿಸಿದ ಕಾಗದಕ್ಕೆ ನಕಲಾಗಿತ್ತು. ಅಲ್ಲಿಂದ ಅದು ಊರಿನವರ ಬಾಯಿಗೆ ಬಂದಿತ್ತು. ಆಂಜನೇಯನ ಮುಂದೆ ಆಣೆ ಮಾಡಿ ವಾರದೊಳಗೇ ಕುಡಿದು ಸತ್ತ ಎಂದು ಜನ ಆಡಿಕೊಳ್ಳುತ್ತಿದ್ದರಂತೆ. ಶಾಲೆಯಲ್ಲಿ ಹುಡುಗಿಯ ಮುಂದೆಯೇ ಆ ಮಾತು ಬಂದಿತ್ತು.

"ನೀವು ಹೇಳಿದ್ರಿ ಅಂತ ಬಿಟ್ರು ಅವ್ರು. ನನಗ ಮತ್ತೇನೂ ಬ್ಯಾಡ್ರಿ ಅಕ್ಕಾರ. ಬಿಟ್ಟಿದ್ರು ಅಂತ ಬರದ ಕೊಡ್ರಿ," ಎಂದಳು.

ಆಸ್ಪತ್ರೆಯ ದಾಖಲೆಯನ್ನು ಅಳಿಸುವಂತಿಲ್ಲ. ತಪ್ಪಾಗಿದ್ದರೆ ಅದರ ಕೆಳಗೆ ಹೊಸದಾಗಿ ಬರೆದು, ಕಾರಣ ಕೊಟ್ಟು, ಸಹಿ ಹಾಕಬೇಕು. ಹಾಗೆ ಬರೆದರೆ ನನ್ನ ಕೈಯಿಂದಲೇ ನನ್ನ ಮೇಲೆ ದೂರು ಬರೆದಂತೆ. ಆಸ್ಪತ್ರೆಯ ಮುಖ್ಯಸ್ಥರಿಗೆ ಹೋಗಿ ಹೇಳಿದೆ. ಅವರು ಒಳ್ಳೆಯ ಮನುಷ್ಯ. ನಿವೃತ್ತಿ ಹತ್ತಿರವಿದೆ, ಯಾರೂ ದೂರು ಕೊಟ್ಟಿಲ್ಲ, ವಿಚಾರಣೆಯಾದರೆ ನಿಮಗೇ ತೊಂದರೆ, ಬಾಯಿಮಾತಿನಲ್ಲಿ ಸಮಾಧಾನ ಹೇಳಿ ಕಳಿಸಿ ಎಂದರು. ನಾನು ಯೋಚಿಸಲು ಒಂದು ದಿನದ ಸಮಯ ಕೇಳಿದೆ. ಮರುದಿನ ಬೆಳಿಗ್ಗೆ ಪಾಳಿ ಶುರುವಾಗುವ ಮುಂಚೆ ರಿಜಿಸ್ಟರ್ ತೆಗೆದು ಬರೆದೆ. ರೋಗಿ ಕೊನೆಯ ಸಲ ಮದ್ಯ ಸೇವಿಸಿದ್ದು ಶುಕ್ರವಾರ ಬೆಳಿಗ್ಗೆ. ಬಟ್ಟೆಯ ವಾಸನೆಯಿಂದ ತಪ್ಪಾಗಿ ತಿಳಿದು ಅಮಲು ಎಂದು ದಾಖಲಿಸಿದ್ದೇನೆ. ರೋಗಿಯ ಪತ್ನಿ ಮೂರು ಬಾರಿ ತಿಳಿಸಿದರೂ ನಾನು ಗಮನಿಸಲಿಲ್ಲ. ಕೆಳಗೆ ಹೆಸರು, ಹೊತ್ತು, ಸಹಿ.

ವಿಚಾರಣೆ ನಡೆಯಿತು. ಎಚ್ಚರಿಕೆಯ ಪತ್ರ ನನ್ನ ಸೇವಾ ಪುಸ್ತಕಕ್ಕೆ ಸೇರಿತು. ಸಹೋದ್ಯೋಗಿಗಳಲ್ಲಿ ಕೆಲವರು ನನ್ನ ಜೊತೆ ಮಾತು ಕಡಿಮೆ ಮಾಡಿದರು. ನೀವು ಹೀಗೆ ಬರೆದರೆ ನಾಳೆ ನಮ್ಮ ಗತಿಯೇನು ಎಂದು ಒಬ್ಬಳು ನೇರವಾಗಿಯೇ ಕೇಳಿದಳು. ಅವಳ ಹೆದರಿಕೆ ನನಗೆ ಅರ್ಥವಾಗುತ್ತಿತ್ತು. ಒಬ್ಬಳು ನರ್ಸ್ ಒಂದೇ ಹೊತ್ತಿನಲ್ಲಿ ಹನ್ನೊಂದು ಜನರನ್ನು ನೋಡಬೇಕಾದ ಜಾಗದಲ್ಲಿ ಇಂಥ ತಪ್ಪು ಯಾರ ಕೈಯಿಂದಲಾದರೂ ಆಗಬಹುದು.

ದೃಢೀಕರಿಸಿದ ಪ್ರತಿಯನ್ನು ರೇಣವ್ವನ ಕೈಗೆ ಕೊಟ್ಟ ದಿನ ಅವಳಿಗೆ ಓದಲು ಬರುವುದಿಲ್ಲವೆಂದು ತಿಳಿಯಿತು. ಸವಿತಾ ಓದಿದಳು. ಶಾಲೆಯಲ್ಲಿ ಪಾಠ ಓದುವಂತೆ, ಪ್ರತಿ ಶಬ್ದಕ್ಕೂ ನಿಂತು ನಿಂತು. ನನ್ನ ಹೆಸರನ್ನೂ ಓದಿದಳು. ಆಮೇಲೆ ಕಾಗದ ಮಡಚಿ ಚೀಲದಲ್ಲಿಟ್ಟುಕೊಂಡಳು. ನನ್ನನ್ನು ಆ ಹುಡುಗಿ ಕ್ಷಮಿಸಿದಳೆಂದು ನಾನು ಹೇಳಲಾರೆ. ಹೋಗುವಾಗ ಅವಳು ತಿರುಗಿ ನೋಡಲಿಲ್ಲ.

ನನ್ನ ಸೇವೆಯ ಉಳಿದ ದಿನಗಳಲ್ಲಿ ಎರಡು ಕೆಲಸ ಮಾಡಿಸಿದೆ. ಕುಡಿತದ ಚರಿತ್ರೆಯಿರುವ ಪ್ರತಿಯೊಬ್ಬರ ಚೀಟಿಯ ತಲೆಯಲ್ಲಿ ಕೊನೆಯ ಸಲ ಕುಡಿದದ್ದು ಯಾವಾಗ ಎಂಬ ಸಾಲನ್ನು ಅಚ್ಚು ಹಾಕಿಸಿದೆವು. ಥಯಾಮಿನ್ ಯಾವಾಗಲೂ ಟ್ರಾಲಿಯಲ್ಲಿ ಇರುವಂತಾಯಿತು. ಡಾಕ್ಟರ್ ಕಾವ್ಯಾ ಕಡ್ಡಾಯ ಸೇವೆ ಮುಗಿಸಿ ಹೋಗುವ ಮುನ್ನ ಆ ಸಾಲಿನಿಂದ ನಿಂಗಪ್ಪನಂತೆ ಕುಡಿತ ಬಿಟ್ಟು ಬಂದ ನಾಲ್ವರನ್ನು ಹೊತ್ತಿಗೆ ಸರಿಯಾಗಿ ಗುರುತಿಸಿದರು. ನಾಲ್ವರೂ ನಡೆದುಕೊಂಡು ಮನೆಗೆ ಹೋದರು. ಅವರಲ್ಲಿ ಇಬ್ಬರು ಮತ್ತೆ ಕುಡಿದೇ ಬಂದರು. ಹಾಸಿಗೆ ಆರರಿಂದ ಏಳಾಗಲಿಲ್ಲ. ಸೋಮವಾರದ ನೂಕುನುಗ್ಗಲು ಹಾಗೆಯೇ ಇತ್ತು, ಈಗಲೂ ಹಾಗೆಯೇ ಇದೆ ಎಂದು ಅಲ್ಲಿರುವವರು ಹೇಳುತ್ತಾರೆ. ಕುಡಿತ ಬಿಡು ಎಂದು ಬೈಯುವುದನ್ನು ನಾನು ಇಡೀ ವೃತ್ತಿಜೀವನ ಚಿಕಿತ್ಸೆ ಎಂದುಕೊಂಡಿದ್ದೆ. ಬಿಡುವವನ ಪಕ್ಕದಲ್ಲಿ ಮೊದಲ ಐದು ದಿನ ಯಾರಾದರೂ ಇರಬೇಕು ಎಂಬುದನ್ನು ಕಲಿಯಲು ನನಗೆ ಒಂದು ಜೀವ ಬೇಕಾಯಿತು.

ಈಗ ನಿವೃತ್ತಿಯ ನಂತರ ಗುತ್ತಲದಲ್ಲಿ ನನ್ನ ಹತ್ತಿರ ಯಾರಾದರೂ ಹೆಂಗಸರು ಗಂಡನೋ ಅಣ್ಣನೋ ಕುಡಿತ ಬಿಡುತ್ತೇನೆ ಎನ್ನುತ್ತಿದ್ದಾನೆ ಎಂದು ಸಂತೋಷದಿಂದ ಹೇಳಲು ಬಂದರೆ, ಮೊದಲು ವೈದ್ಯರ ಬಳಿ ಕರೆದುಕೊಂಡು ಹೋಗು, ಆಮೇಲೆ ಬಿಡಲಿ ಎನ್ನುತ್ತೇನೆ. ನಡುಕ, ಬೆವರು, ಇಲ್ಲದ್ದು ಕಾಣುವುದು ಶುರುವಾದರೆ ಒಂದು ಗಳಿಗೆಯೂ ಕಾಯಬೇಡ ಎನ್ನುತ್ತೇನೆ. ಇನ್ನೊಂದು ಮಾತನ್ನೂ ಹೇಳುತ್ತೇನೆ. ಕ್ಯಾಜುವಾಲ್ಟಿಯಲ್ಲಿ ನನ್ನಂಥ ನರ್ಸ್ ನಿನ್ನ ಮಾತು ನಂಬದೆ ಕೈಸನ್ನೆ ಮಾಡಿ ಕಳಿಸಿದರೆ ಸುಮ್ಮನೆ ಹೋಗಿ ಗಂಡನ ಪಾದ ಹಿಡಿದು ಕೂರಬೇಡ. ಅವಳ ಮೇಜು ಗುದ್ದು. ಅವಳು ತಲೆಯೆತ್ತಿ ನೋಡುವವರೆಗೂ ಗುದ್ದು.